ವರ್ಷ ಇಳಿದರೆ ಓದೂ ಇಳಿಯುವುದೇ?

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿದರೆ ಸಾಕು. ಲೈಟು ಕಂಬ, ಕಾಂಪೌಂಡು ಗೋಡೆ, ಮುಚ್ಚಿದ ಅಂಗಡಿಯ ಷಟರು ಎಲ್ಲ ಕಡೆಯೂ ಚೀಟಿ. ಮನೆ ಬಾಡಿಗೆಗಿದೆ ಎನ್ನುವ ಚೀಟಿಯ ಕೆಳಗೆ, ಮೂಲವ್ಯಾಧಿಗೆ ಗ್ಯಾರಂಟಿ ಔಷಧಿ ಎನ್ನುವ ಚೀಟಿಯ ಮೇಲೆ, ಇನ್ನೊಂದು ಚೀಟಿ: ‘ಪಿಯುಸಿ ಫೇಲೇ? ಚಿಂತೆ ಬೇಡ. ಒಂದೇ ವರ್ಷದಲ್ಲಿ ಡಿಗ್ರಿ. ಕ್ಲಾಸಿಗೆ ಬರಬೇಕಾಗಿಲ್ಲ.’ ಕೆಳಗೊಂದು ಮೊಬೈಲ್ ನಂಬರು. ಹೆಸರಿಲ್ಲ, ವಿಳಾಸವಿಲ್ಲ, ವಿಶ್ವವಿದ್ಯಾನಿಲಯ ಯಾವುದೆಂಬ ಸುಳಿವೂ ಇಲ್ಲ.

ಆ ನಂಬರಿಗೆ ಫೋನು ಮಾಡಿದವರಿಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. “ಸಾರ್, ಫೀಸು ಕಟ್ಟಿ, ಮಿಕ್ಕಿದ್ದೆಲ್ಲ ನಾವು ನೋಡ್ಕೋತೀವಿ.” ಈ ‘ಮಿಕ್ಕಿದ್ದು’ ಎಂದರೇನು? ಓದುವುದು, ಬರೆಯುವುದು, ಕೇಳುವುದು, ತಿಳಿಯುವುದು. ಅಂದರೆ ವಿದ್ಯಾರ್ಥಿ ಮಾಡಬೇಕಾದ ಕೆಲಸವೆಲ್ಲ ಮಿಕ್ಕಿದ್ದು. ಅಸಲು ಎಂದರೆ ಫೀಸು ಮಾತ್ರ!

ಚೀಟಿ ಅಂಟಿಸುವವನನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಗಿರಾಕಿ ಇಲ್ಲದೆ ಅಂಗಡಿ ನಡೆಯುವುದಿಲ್ಲ ಎಂಬುದು ವ್ಯಾಪಾರಿಗಳಿಗೆ ಗೊತ್ತಿರುವ ಮಾತು. ದೂರ ಶಿಕ್ಷಣದಲ್ಲಿ, ಅದರಲ್ಲೂ ಬೇಗ ಮುಗಿಸುವ ಕೋರ್ಸುಗಳಲ್ಲಿ, ವಿದ್ಯಾರ್ಥಿ ಎಷ್ಟು ಹೊತ್ತು ಓದಬೇಕು, ಏನು ಮಾಡಿದರೆ ಓದಿದಂತೆ ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ. ಹೇಳಬೇಕಾದ ವಿಶ್ವವಿದ್ಯಾನಿಲಯಗಳು ಪ್ರಾಸ್ಪೆಕ್ಟಸ್ಸಿನ ಯಾವುದೋ ಪುಟದಲ್ಲಿ ಸಣ್ಣಕ್ಷರದಲ್ಲಿ ಹೇಳಿ ಕೈತೊಳೆದುಕೊಳ್ಳುತ್ತವೆ. ಆ ಖಾಲಿ ಜಾಗದಲ್ಲಿ ದಲ್ಲಾಳಿ ಬಂದು ಕೂತಿದ್ದಾನೆ.

ಅವಸರ ತಪ್ಪಲ್ಲ

ಮೊದಲಿಗೆ ಒಂದು ಮಾತು. ಬೇಗ ಡಿಗ್ರಿ ಬೇಕೆನ್ನುವವರೆಲ್ಲ ಸೋಮಾರಿಗಳಲ್ಲ. ಪಿಯುಸಿ ಮುಗಿದ ವರ್ಷವೇ ಮದುವೆಯಾಗಿ, ಮಕ್ಕಳು ಸ್ಕೂಲಿಗೆ ಹೋಗುವ ಹೊತ್ತಿಗೆ ಮತ್ತೆ ಪುಸ್ತಕ ಹಿಡಿಯುವ ಹೆಣ್ಣುಮಕ್ಕಳಿದ್ದಾರೆ. ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ಪ್ರಮೋಷನ್ ತಪ್ಪಿದ ಗುಮಾಸ್ತರಿದ್ದಾರೆ. ಸರ್ಕಾರಿ ನೌಕರಿಯ ವಯೋಮಿತಿ ಮುಗಿಯುತ್ತ ಬಂದಿರುವ ಹುಡುಗರಿದ್ದಾರೆ. ಹುಣಸೂರಿನಿಂದಲೋ ನಂಜನಗೂಡಿನಿಂದಲೋ ದಿನಾ ಬಸ್ಸಿನಲ್ಲಿ ಬಂದು, ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಲ್ಲಿ ರಾತ್ರಿಯವರೆಗೆ ನಿಂತು ಕೆಲಸ ಮಾಡಿ, ಕೊನೆಯ ಬಸ್ಸಿಗೆ ಓಡುವವರಿದ್ದಾರೆ. ಇವರಿಗೆ ಮೂರು ವರ್ಷ ಎಂದರೆ ಬಹಳ ದೂರ. ಆರು ತಿಂಗಳು ಉಳಿದರೂ ಲಾಭವೇ.

ಇಂಥವರಿಗಾಗಿಯೇ ದೂರ ಶಿಕ್ಷಣ ಹುಟ್ಟಿದ್ದು. ದೇಶದಲ್ಲಿ ಮೊದಲು 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಶುರುಮಾಡಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದೇ ಹಾದಿ ಹಿಡಿಯಿತು. ಹಳೆಯ ಮೈಸೂರಿಗರು ಅದನ್ನು ಇಂದಿಗೂ ‘ಅಂಚೆ ತೆರಪಿನ ಶಿಕ್ಷಣ’ ಎಂದೇ ಕರೆಯುತ್ತಾರೆ. ಆ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮಾನಸಗಂಗೋತ್ರಿಯ ಪಕ್ಕದಲ್ಲೇ ಮುಕ್ತಗಂಗೋತ್ರಿ ತಲೆಯೆತ್ತಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆಗೂ ಎಂಬುದು ಅದರ ಘೋಷಣೆ. ಎಲ್ಲರಿಗೂ ಸರಿ, ಎಲ್ಲೆಡೆಗೂ ಸರಿ. ‘ಓದದೆಯೂ’ ಎಂದು ಅಲ್ಲಿ ಯಾರೂ ಬರೆದಿಲ್ಲ.

ಗಂಟೆಯ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಈ ಲೆಕ್ಕವನ್ನು ಒಮ್ಮೆ ಕೂಡಿ ನೋಡುವುದು ಒಳ್ಳೆಯದು.

ಈಗ ಪದವಿಯನ್ನು ಅಳೆಯುವುದು ಕ್ರೆಡಿಟ್ ಎಂಬ ಮಾನದಿಂದ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ. ಒಂದು ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ಗಂಟೆ. 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ ತನ್ನ ಕೋರ್ಸುಗಳಿಗೆ ಇದೇ 30 ಗಂಟೆಯ ಲೆಕ್ಕ ಇಟ್ಟಿದೆ. ಪುಸ್ತಕ ಓದುವುದು, ಪಾಠ ಕೇಳುವುದು, ಸಂಪರ್ಕ ತರಗತಿಗೆ ಹೋಗುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲವೂ ಅದರಲ್ಲಿ ಸೇರುತ್ತವೆ.

ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದು ಇಟ್ಟುಕೊಂಡರೆ 3600 ಗಂಟೆ. ಮೂರು ವರ್ಷಕ್ಕೆ 156 ವಾರ. ಭಾಗಿಸಿದರೆ ವಾರಕ್ಕೆ 23 ಗಂಟೆ. ದಿನಕ್ಕೆ ಮೂರೂಕಾಲು ಗಂಟೆ. ಭಾನುವಾರವೂ ಬಿಡುವಿಲ್ಲ, ಯುಗಾದಿಗೂ ದಸರೆಗೂ ರಜೆಯಿಲ್ಲ.

ಅದೇ ಪದವಿಯನ್ನು ಎರಡೂವರೆ ವರ್ಷದಲ್ಲಿ ಮುಗಿಸುವುದಾದರೆ? ಗಂಟೆ 3600ಕ್ಕಿಂತ ಕಡಿಮೆಯಾಗುವುದಿಲ್ಲ. ವಾರ ಮಾತ್ರ 130ಕ್ಕೆ ಇಳಿಯುತ್ತದೆ. ವಾರಕ್ಕೆ ಸುಮಾರು 28 ಗಂಟೆ ಓದು. ದಿನಕ್ಕೆ ನಾಲ್ಕು ಗಂಟೆ.

ಇನ್ನು ಕಂಬದ ಮೇಲಿನ ಚೀಟಿಯ ಲೆಕ್ಕ. ಒಂದೇ ವರ್ಷ, 52 ವಾರ. ವಾರಕ್ಕೆ 69 ಗಂಟೆ, ದಿನಕ್ಕೆ ಹತ್ತಿರ ಹತ್ತಿರ ಹತ್ತು ಗಂಟೆ! 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ನೌಕರನಿಗೆ ವಾರಕ್ಕೆ 48 ಗಂಟೆಯ ಕೆಲಸ ಎಂದು ಗೆರೆ ಎಳೆದಿದೆ. ಆ 48ಕ್ಕೆ ಈ 69 ಸೇರಿಸಿದರೆ 117. ವಾರಕ್ಕೆ ಇರುವುದೇ 168 ಗಂಟೆ. ಉಳಿದದ್ದು 51, ದಿನಕ್ಕೆ ಏಳು ಗಂಟೆ ಚಿಲ್ಲರೆ. ನಿದ್ದೆ, ಸ್ನಾನ, ಊಟ, ಬಸ್ಸು, ಸಂಸಾರ ಎಲ್ಲ ಅಷ್ಟರಲ್ಲೇ ಆಗಬೇಕು. ಯಾವ ಗುಮಾಸ್ತನಿಂದ ಇದು ಸಾಧ್ಯ? ಯಾರಿಂದಲೂ ಸಾಧ್ಯವಿಲ್ಲವೆಂದ ಮೇಲೆ, ಹಾಗೆ ಸಿಗುವ ಕಾಗದ ಪದವಿಯಲ್ಲ, ಬರೀ ಕಾಗದ ಎಂದು ಹೇಳಲು ಕಮಿಷನ್ ಕೂರಿಸಬೇಕೇ?

ಬೆಂಗಳೂರಿಗೆ ಹೋಗುವ ತಡೆರಹಿತ ಬಸ್ಸು ಮಂಡ್ಯ, ಮದ್ದೂರು, ಚನ್ನಪಟ್ಟಣಗಳಲ್ಲಿ ನಿಲ್ಲುವುದಿಲ್ಲ. ನಿಲುಗಡೆ ಬಿಡುತ್ತದೆಯೇ ಹೊರತು ಕಿಲೋಮೀಟರು ಬಿಡುವುದಿಲ್ಲ. ಮಧ್ಯದ ರಸ್ತೆಯನ್ನೇ ಬಿಟ್ಟು ಬೆಂಗಳೂರು ಮುಟ್ಟಿಸುತ್ತೇನೆ ಎನ್ನುವ ಡ್ರೈವರಿನ ಬಸ್ಸಿಗೆ ಯಾರೂ ಹತ್ತುವುದಿಲ್ಲ. ಓದಿನ ವಿಷಯದಲ್ಲಿ ಮಾತ್ರ ಸೀಟು ಹಿಡಿಯಲು ನೂಕುನುಗ್ಗಲು.

ಸರ್ಕಾರಿ ನಿಯಮ ಏನನ್ನುತ್ತದೆ?

‘ಸರ್ಕಾರವೇ ಬೇಗ ಮುಗಿಸಲು ಬಿಟ್ಟಿದೆ’ ಎಂದು ಈಗ ದಲ್ಲಾಳಿಗಳು ಹೇಳುತ್ತಿರುವುದಕ್ಕೆ ಒಂದು ಹಿನ್ನೆಲೆಯಿದೆ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಅಪಾಯ. ಆದ್ದರಿಂದ ಇದನ್ನು ಬಿಡಿಸಿ ನೋಡಬೇಕು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2024ರ ನವೆಂಬರಿನಲ್ಲಿ ತ್ವರಿತ ಪದವಿ ಎಂಬ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. 2025ರ ನಿಯಮಾವಳಿಯಲ್ಲೂ ಅದು ಸೇರಿತು. ಚುರುಕಾದ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲೂ ಹೆಚ್ಚು ಕ್ರೆಡಿಟ್ ಹೊತ್ತು ಕೋರ್ಸನ್ನು ಬೇಗ ಮುಗಿಸಬಹುದು. ಇಷ್ಟನ್ನು ಮಾತ್ರ ದಲ್ಲಾಳಿ ಹೇಳುತ್ತಾನೆ. ಆಮೇಲಿನದನ್ನು ನುಂಗುತ್ತಾನೆ.

ಆಮೇಲಿನದು ಏನು? ಮೂರು ವರ್ಷದ ಪದವಿಯಲ್ಲಿ ಉಳಿಸಬಹುದಾದದ್ದು ಹೆಚ್ಚೆಂದರೆ ಒಂದು ಸೆಮಿಸ್ಟರ್, ಅಂದರೆ ಆರು ತಿಂಗಳು. ನಾಲ್ಕು ವರ್ಷದ ಪದವಿಯಲ್ಲಿ ಹೆಚ್ಚೆಂದರೆ ಎರಡು ಸೆಮಿಸ್ಟರ್. ಸೇರುವ ದಿನವೇ ಇದನ್ನು ಕೇಳುವ ಹಾಗಿಲ್ಲ. ಮೊದಲನೆಯ ಅಥವಾ ಎರಡನೆಯ ಸೆಮಿಸ್ಟರ್ ಮುಗಿದ ಮೇಲೆ, ವಿದ್ಯಾರ್ಥಿಯ ಯೋಗ್ಯತೆಯನ್ನು ಒಂದು ಸಮಿತಿ ನೋಡಿ ಒಪ್ಪಬೇಕು. ಒಟ್ಟು ಮಂಜೂರಾದ ಸೀಟುಗಳಲ್ಲಿ ನೂರಕ್ಕೆ ಹತ್ತು ಮಂದಿಗೆ ಮಾತ್ರ ಅವಕಾಶ. ಓದಬೇಕಾದ ಪಾಠ, ಗಳಿಸಬೇಕಾದ ಕ್ರೆಡಿಟ್ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಒಂದೇ ವರ್ಷಕ್ಕೆ ಪದವಿ ಎಂಬ ಮಾತು ಆ ನಿಯಮದಲ್ಲಿ ಎಲ್ಲಿಯೂ ಇಲ್ಲ.

ಅದೇ ನಿಯಮದಲ್ಲಿ ಇನ್ನೊಂದು ಸೌಲಭ್ಯವೂ ಇದೆ. ಅದರ ಬಗ್ಗೆ ಯಾವ ಕಂಬದಲ್ಲೂ ಚೀಟಿಯಿಲ್ಲ. ಓದಲು ಪುರುಸೊತ್ತು ಸಾಲದವರು ಕೋರ್ಸನ್ನು ಎರಡು ಸೆಮಿಸ್ಟರಿನವರೆಗೆ ಎಳೆದುಕೊಳ್ಳಬಹುದು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯವಂತೂ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೆ ಮುಗಿಸಲು ಬಿಡುತ್ತದೆ. ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೆರಡು ಗಂಟೆಯ ಆಸುಪಾಸಿನ ಓದು. ದುಡಿಯುವವನಿಗೆ ಇದು ಹಾಸಿಗೆ ಇದ್ದಷ್ಟು ಕಾಲು ಚಾಚುವ ದಾರಿ. ನಿಧಾನವಾಗಿ ಮುಗಿಸಿದವನ ಪದವಿಗೂ ಬೇಗ ಮುಗಿಸಿದವನ ಪದವಿಗೂ ಬೆಲೆ ಒಂದೇ. ಆದರೆ ನಿಧಾನದಲ್ಲಿ ದಲ್ಲಾಳಿಗೆ ಕಮಿಷನ್ ಇಲ್ಲ.

ಹಾಜರಿ ಯಾವುದು, ಓದು ಯಾವುದು?

ಕಾಲೇಜಿಗೆ ಹೋಗುವ ಹುಡುಗ ಬೆಂಚಿನ ಮೇಲೆ ಕೂತರೆ ಹಾಜರಿ. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಓದುವವನ ಹಾಜರಿ ಹಾಕುವವರಾರು? ಇಡೀ ಪ್ರಶ್ನೆ ನಿಂತಿರುವುದು ಇಲ್ಲೇ.

ಆನ್‌ಲೈನ್ ಪದವಿಗಳಿಗೆ ಯುಜಿಸಿ 2018ರಲ್ಲಿ ನಿಯಮ ಮಾಡಿದಾಗ, ವಿದ್ಯಾರ್ಥಿ ಹದಿನೈದು ದಿನಕ್ಕೆ ಕನಿಷ್ಠ ಎರಡು ಗಂಟೆ ಪಾಠದಲ್ಲಿ ತೊಡಗಿರುವುದನ್ನು ಕಂಪ್ಯೂಟರಿನ ಲೆಕ್ಕದಿಂದ ಖಾತ್ರಿ ಮಾಡಿಕೊಳ್ಳಬೇಕು ಎಂದು ಬರೆಯಿತು. ಕ್ರೆಡಿಟ್ಟಿನ ಲೆಕ್ಕದಲ್ಲಿ ಹದಿನೈದು ದಿನಕ್ಕೆ ಆಗಬೇಕಾದ ಓದು ಸುಮಾರು 46 ಗಂಟೆ. ಕಾವಲು ಎರಡು ಗಂಟೆಗೆ! ಕನಿಷ್ಠವನ್ನೇ ಗರಿಷ್ಠ ಎಂದುಕೊಳ್ಳುವ ಜನರಿರುವ ದೇಶದಲ್ಲಿ ಇದರ ಫಲವೇನೆಂದು ಊಹಿಸುವುದು ಕಷ್ಟವಲ್ಲ. ಮೊಬೈಲಿನಲ್ಲಿ ಪಾಠದ ವಿಡಿಯೋ ಹಚ್ಚಿ, ಸದ್ದು ಕಡಿಮೆ ಮಾಡಿ, ಗಲ್ಲಾದ ಪಕ್ಕ ಇಟ್ಟು ವ್ಯಾಪಾರ ಮಾಡಿದರೂ ಕಂಪ್ಯೂಟರು ‘ಹಾಜರ್’ ಎಂದೇ ಬರೆದುಕೊಳ್ಳುತ್ತದೆ.

ಈ ಜಗಳ ಇಲ್ಲಿಯದು ಮಾತ್ರವಲ್ಲ. ಬೇಗ ಮುಗಿಸುವ ದೂರ ಶಿಕ್ಷಣ ಅಮೆರಿಕದಲ್ಲಿ ದೊಡ್ಡ ವ್ಯವಹಾರ. ಅಲ್ಲಿ 1997ರಲ್ಲಿ ಶುರುವಾದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ ಆರು ತಿಂಗಳಿಗೆ ಇಷ್ಟು ಎಂದು ಫೀಸು ತೆಗೆದುಕೊಳ್ಳುತ್ತದೆ. ಆ ಅವಧಿಯಲ್ಲಿ ಎಷ್ಟು ವಿಷಯ ಪಾಸು ಮಾಡಿದರೂ ಫೀಸು ಅಷ್ಟೇ. ಕೆಲಸ ಬಲ್ಲವನು ಬೇಗ ಮುಗಿಸಲಿ ಎಂಬುದು ಉದ್ದೇಶ. ಆದರೆ 2017ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯ ತನಿಖಾಧಿಕಾರಿಗಳು, ಮೇಷ್ಟರಿಗೂ ವಿದ್ಯಾರ್ಥಿಗೂ ನಡುವೆ ಸಾಕಷ್ಟು ಮಾತುಕತೆಯೇ ಇಲ್ಲವೆಂದು ಆಕ್ಷೇಪ ಎತ್ತಿ, ಸರ್ಕಾರದ 71 ಕೋಟಿ ಡಾಲರಿಗೂ ಹೆಚ್ಚು ಹಣ ವಾಪಸು ಕೊಡಿಸಬೇಕೆಂದು ಶಿಫಾರಸು ಮಾಡಿದರು. ನಿಯಮ ಅಸ್ಪಷ್ಟವಾಗಿತ್ತೆಂಬ ಕಾರಣವನ್ನೂ ನೋಡಿ, 2019ರಲ್ಲಿ ಇಲಾಖೆ ಹಣ ಕೇಳುವುದನ್ನು ಕೈಬಿಟ್ಟಿತು. ಮುಂದೆ 2020ರಲ್ಲಿ ಮೇಷ್ಟರು ಕ್ರಮವಾಗಿ, ಹುರುಳಿರುವಂತೆ ವಿದ್ಯಾರ್ಥಿಯೊಡನೆ ವ್ಯವಹರಿಸುವುದು ಎಂದರೇನೆಂದು ನಿಯಮವನ್ನೇ ಬಿಡಿಸಿ ಬರೆಯಲಾಯಿತು. ಬರೀ ಲಾಗಿನ್ ಆದರೆ ಹಾಜರಿಯಲ್ಲ ಎಂಬುದು ಆ ದೇಶದ ಕಾನೂನಿನಲ್ಲಿಯೇ ಇದೆ. ಅಸೈನ್‌ಮೆಂಟ್ ಒಪ್ಪಿಸಬೇಕು, ಪರೀಕ್ಷೆ ಬರೆಯಬೇಕು, ಚರ್ಚೆಯಲ್ಲಿ ಮಾತಾಡಬೇಕು, ಇಲ್ಲವೇ ಪಾಠದ ವಿಷಯದಲ್ಲಿ ಮೇಷ್ಟರನ್ನು ಏನಾದರೂ ಕೇಳಬೇಕು. ಆಗ ಮಾತ್ರ ಹಾಜರಿ.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯದ ಕತೆ ಇನ್ನೂ ಹತ್ತಿರದ್ದು. ಅದಕ್ಕೆ ಸನ್ನದು ಸಿಕ್ಕಿದ್ದು 1969ರಲ್ಲಿ. ಮೈಸೂರಿನ ಅಂಚೆ ತೆರಪಿನ ಸಂಸ್ಥೆ ಶುರುವಾದ ವರ್ಷವೇ. ಅಲ್ಲಿ ವಿದ್ಯಾರ್ಥಿ ಬರೆದು ಕಳಿಸಿದ ಅಸೈನ್‌ಮೆಂಟನ್ನು ಒಬ್ಬ ಮೇಷ್ಟರು ಓದಿ, ಎಲ್ಲಿ ತಪ್ಪಿದೆ, ಎಲ್ಲಿ ಸರಿಯಿದೆ, ಮುಂದಿನ ಸಲ ಏನು ಮಾಡಬೇಕು ಎಂದು ಬರೆದು ವಾಪಸು ಕಳಿಸುವುದೇ ಪಾಠದ ಮುಖ್ಯ ಭಾಗ. ದೂರದಲ್ಲಿರುವ ವಿದ್ಯಾರ್ಥಿಯನ್ನು ಕೈಹಿಡಿದು ನಡೆಸುವುದು ಆ ಕೆಂಪು ಇಂಕಿನ ನಾಲ್ಕು ಸಾಲು.

ಇಲ್ಲಿ ಏನಾಗಿದೆ? ಯುಜಿಸಿಯ 2020ರ ನಿಯಮದ ಪ್ರಕಾರ ದೂರ ಶಿಕ್ಷಣದಲ್ಲಿ ಕೋರ್ಸಿನ ನಡುವಿನ ಮೌಲ್ಯಮಾಪನಕ್ಕೆ ನೂರಕ್ಕೆ 30ರವರೆಗೆ ಅಂಕ, ಕೊನೆಯ ಪರೀಕ್ಷೆಗೆ ಕನಿಷ್ಠ 70. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಅಸೈನ್‌ಮೆಂಟ್ ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನಿಯಮ ಚೆನ್ನಾಗಿಯೇ ಇದೆ. ಆದರೆ ಬರೆದವನಾರು? ಪುಟಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಅಸೈನ್‌ಮೆಂಟ್ ಬರೆದುಕೊಡುವವರು ಹಿಂದೆಯೂ ಇದ್ದರು. ಈಗ ಅವರ ಹೊಟ್ಟೆಯ ಮೇಲೂ ಕಲ್ಲು ಬಿದ್ದಿದೆ. ಪ್ರಶ್ನೆ ಹಾಕಿದರೆ ಸಾಕು, ಮೊಬೈಲೇ ಪುಟಗಟ್ಟಲೆ ಉತ್ತರ ಕಕ್ಕುತ್ತದೆ. ಯಂತ್ರ ಬರೆದದ್ದನ್ನು ವಿದ್ಯಾರ್ಥಿ ಓದದೆ ಕಳಿಸುತ್ತಾನೆ, ಅದನ್ನು ಮೇಷ್ಟರು ಓದದೆ ಅಂಕ ಹಾಕಿದರೆ ಲೆಕ್ಕ ಚುಕ್ತಾ. ಇಬ್ಬರೂ ಸುಖಿಗಳು, ಓದು ಮಾತ್ರ ಯಾರ ಮನೆಗೂ ಬರಲಿಲ್ಲ.

ಕೋರ್ಸು ಬೇಗ ಮುಗಿಯುವಂಥದ್ದಾದರೆ ಈ ರೋಗ ಇನ್ನೂ ಜೋರು. ಮೂರು ವರ್ಷದ ಕೋರ್ಸಿನಲ್ಲಿ ಒಂದು ತಿಂಗಳು ಓದು ತಪ್ಪಿದರೆ ಹೇಗೋ ಸರಿದೂಗಿಸಬಹುದು. ಆರು ತಿಂಗಳಿಗೆ ಹೆಚ್ಚು ಕ್ರೆಡಿಟ್ ಹೊತ್ತವನಿಗೆ ಒಂದು ತಿಂಗಳು ತಪ್ಪಿದರೆ ನೂರು ಗಂಟೆಗೂ ಹೆಚ್ಚು ಬಾಕಿ. ಆ ಬಾಕಿ ತೀರಿಸಲಾಗದವನು ಒಂದೋ ಕೋರ್ಸು ಬಿಡುತ್ತಾನೆ, ಇಲ್ಲವೇ ಅಡ್ಡದಾರಿ ಹಿಡಿಯುತ್ತಾನೆ. ಅಡ್ಡದಾರಿಯ ಬಾಗಿಲಲ್ಲಿ ದಲ್ಲಾಳಿ ಕುರ್ಚಿ ಹಾಕಿಕೊಂಡು ಕಾದಿರುತ್ತಾನೆ.

ಮೈಸೂರಿಗೆ ಗೊತ್ತಿರುವ ನೋವು

ಪದವಿಯ ಹೆಸರು ಕೆಟ್ಟರೆ ಏನಾಗುತ್ತದೆಂಬುದನ್ನು ಬೇರೆ ಊರಿನವರಿಂದ ಮೈಸೂರು ಕಲಿಯಬೇಕಾಗಿಲ್ಲ. 2015ರ ಜೂನ್‌ನಲ್ಲಿ ಯುಜಿಸಿ ಒಂದು ಪ್ರಕಟಣೆ ಹೊರಡಿಸಿ, 2012-13ರ ನಂತರ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ ತನ್ನ ಮಾನ್ಯತೆ ಇಲ್ಲವೆಂದು ಹೇಳಿತು. ರಾಜ್ಯದ ಗಡಿ ದಾಟಿ, ಹೊರಗಿನ ಖಾಸಗಿ ಸಂಸ್ಥೆಗಳ ಜೊತೆ ಸೇರಿ, ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ್ದು ಅದರ ಮುಖ್ಯ ಆಕ್ಷೇಪ. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ, 2018-19ರ ಸಾಲಿನಿಂದ.

ನಡುವೆ ಸಿಕ್ಕಿಬಿದ್ದವರು ಯಾರು? ಹೊರರಾಜ್ಯದಲ್ಲಿ ಬೋರ್ಡು ಹಾಕಿಕೊಂಡು ಫೀಸು ಎಣಿಸಿದವರಲ್ಲ. 2013-14ರಲ್ಲೋ 2014-15ರಲ್ಲೋ ನಂಬಿ ಸೇರಿ, ಬಿ.ಎ., ಬಿ.ಕಾಂ. ಪುಸ್ತಕ ಓದಿ, ಊರಿನಿಂದ ಬಸ್ ಹತ್ತಿ ಬಂದು ಪರೀಕ್ಷೆ ಬರೆದ ಹುಡುಗ ಹುಡುಗಿಯರು. ನೌಕರಿಗೆ ಅರ್ಜಿ ಹಾಕಿದರೆ ಕಾಗದ ನಡೆಯದು, ಮುಂದೆ ಓದೋಣವೆಂದರೆ ಸೀಟಿಲ್ಲ. ನಿಜವಾಗಿ ಓದಿದವರು, ಓದದೆ ಕಾಗದ ಪಡೆದವರು ಎಂದು ಬೇರ್ಪಡಿಸಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು ಅಂಗಡಿಯಲ್ಲಿ ಕಲಬೆರಕೆ ಎಣ್ಣೆ ಸಿಕ್ಕರೆ ಇಡೀ ಬೀದಿಯ ವ್ಯಾಪಾರ ಬೀಳುವ ಹಾಗೆ.

ಆದ್ದರಿಂದಲೇ, ‘ಅವನು ಓದದಿದ್ದರೆ ನನಗೇನು ನಷ್ಟ’ ಎಂದು ದೂರ ಶಿಕ್ಷಣದ ಯಾವ ವಿದ್ಯಾರ್ಥಿಯೂ ಹೇಳುವಂತಿಲ್ಲ. ಒಂದೇ ಹೆಸರಿನ ಸರ್ಟಿಫಿಕೇಟು ಇಬ್ಬರ ಕೈಯಲ್ಲೂ ಇದೆ. ಕಳ್ಳದಾರಿಯಲ್ಲಿ ಬಂದವನು ಇಂಟರ್‌ವ್ಯೂನಲ್ಲಿ ಬಾಯಿ ಬಿಡದೆ ಕೂತರೆ, ಮುಂದಿನ ಸಲ ನಿಜವಾಗಿ ಓದಿದವಳ ಅರ್ಜಿಯೂ ಕಸದ ಬುಟ್ಟಿಗೆ. ‘ಓ, ಕರೆಸ್ಪಾಂಡೆನ್ಸಾ?’ ಎಂಬ ಆ ಒಂದು ಮಾತಿನ ಕೊಂಕನ್ನು ರಾತ್ರಿ ಹನ್ನೊಂದರವರೆಗೆ ಓದಿ ಪಾಸಾದವರು ಜೀವನಪೂರ್ತಿ ಕೇಳಬೇಕು.

ಯಾರು ಏನು ಮಾಡಬೇಕು?

ವಿಶ್ವವಿದ್ಯಾನಿಲಯಗಳಿಂದಲೇ ಶುರುವಾಗಲಿ. ಅಡ್ಮಿಷನ್ ಫಾರಂನ ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ, ‘ಈ ಕೋರ್ಸಿಗೆ ವಾರಕ್ಕೆ ಇಷ್ಟು ಗಂಟೆ ಓದು ಬೇಕು’ ಎಂದು ಕನ್ನಡದಲ್ಲಿ ಬರೆಯಲಿ. ಬೇಗ ಮುಗಿಸುವವರಿಗೆ ಎಷ್ಟು, ನಿಧಾನವಾಗಿ ಮುಗಿಸುವವರಿಗೆ ಎಷ್ಟು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಲಿ. ಫೀಸಿನ ಪಟ್ಟಿ ಹಾಕಲು ಜಾಗವಿರುವಾಗ ಗಂಟೆಯ ಪಟ್ಟಿಗೂ ಜಾಗವಿದ್ದೇ ಇರುತ್ತದೆ.

ಅಸೈನ್‌ಮೆಂಟನ್ನು ಒಂದು ತಿಂಗಳೊಳಗೆ, ಮೇಷ್ಟರ ಕೈಬರಹದ ನಾಲ್ಕು ಸಾಲಿನೊಂದಿಗೆ ವಾಪಸು ಕೊಡಲಿ. ಎಲ್ಲ ಅಸೈನ್‌ಮೆಂಟಿಗೂ ಆಗದಿದ್ದರೆ ವಿಷಯಕ್ಕೆ ಒಂದಕ್ಕಾದರೂ ಕೊಡಲಿ. ಬರೆದದ್ದು ವಿದ್ಯಾರ್ಥಿಯದೋ ಯಂತ್ರದ್ದೋ ಎಂಬ ಅನುಮಾನವಿದ್ದರೆ, ಸಂಪರ್ಕ ತರಗತಿಗೆ ಬಂದಾಗ ಎದುರು ಕೂರಿಸಿಕೊಂಡು ಐದು ನಿಮಿಷ ಮಾತಾಡಿಸಿದರೆ ಸಾಕು, ನಿಜ ಹೊರಬೀಳುತ್ತದೆ. ಒಂದು ತಿಂಗಳು ಸದ್ದಿಲ್ಲದ ವಿದ್ಯಾರ್ಥಿಗೆ ಒಂದು ಫೋನು ಮಾಡಿ ‘ಏನಮ್ಮ, ಯಾಕೆ ಓದು ನಿಂತಿದೆ?’ ಎಂದು ಕೇಳಲಿ. ಫೀಸು ಬಾಕಿಯಿದ್ದರೆ ಮೆಸೇಜು ಕಳಿಸುವ ಕಂಪ್ಯೂಟರಿಗೆ ಇದೂ ಗೊತ್ತಾಗುತ್ತದೆ.

ಸಂಪರ್ಕ ತರಗತಿಗಳನ್ನು ಕೆಲಸದ ದಿನಗಳಲ್ಲಿ ಇಟ್ಟು, ‘ಯಾರೂ ಬರುವುದಿಲ್ಲ’ ಎಂದು ದೂರುವುದರಲ್ಲಿ ಅರ್ಥವಿಲ್ಲ. ದುಡಿಯುವವರಿಗೆ ಭಾನುವಾರವೇ ಬಿಡುವು. ಮೈಸೂರಿನಲ್ಲಿ ಮಾತ್ರವಲ್ಲ, ತಾಲ್ಲೂಕು ಕಾಲೇಜುಗಳ ಖಾಲಿ ಕೊಠಡಿಗಳಲ್ಲೂ ಭಾನುವಾರದ ಪಾಠ ನಡೆಯಲಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ತಾಪತ್ರಯ ತಪ್ಪಿದೆ. ಬಸ್ಸು ಫ್ರೀ ಆದ ಮೇಲೂ ಪಾಠ ಬುಧವಾರವಿದ್ದರೆ ಕೆಲಸ ಬಿಟ್ಟು ಬರುವುದು ಹೇಗೆ?

ಇನ್ನು ಅಂಗಡಿ ಮಾಲೀಕರು. ‘ನಮ್ಮ ಹುಡುಗ ಡಿಗ್ರಿ ಓದ್ತಾವ್ನೆ’ ಎಂದು ಹೆಮ್ಮೆಯಿಂದ ಹೇಳುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ಹೆಮ್ಮೆಯ ಜೊತೆಗೆ ಸಂಪರ್ಕ ತರಗತಿಯ ದಿನ ರಜೆ, ಪರೀಕ್ಷೆಯ ಹಿಂದಿನ ವಾರ ಸಂಜೆ ಎರಡು ಗಂಟೆ ಮುಂಚೆ ಬಿಡುಗಡೆ ಕೊಟ್ಟರೆ ಅದು ಸಹಾಯ. ವಾರದ ರಜೆ ಮತ್ತು 48 ಗಂಟೆಯ ಮಿತಿ ಕಾನೂನಿನಲ್ಲೇ ಇದೆ. ಅದನ್ನು ಪಾಲಿಸಿದರೂ ಅರ್ಧ ಉಪಕಾರವಾದಂತೆ. ಲೆಕ್ಕಪತ್ರ ಕಲಿತ, ಜಿಎಸ್‌ಟಿ ಅರ್ಥವಾಗುವ ನೌಕರ ನಾಳೆ ಅದೇ ಅಂಗಡಿಗೆ ಆಸ್ತಿ. ಓದದೆ ಬಿ.ಕಾಂ. ಕಾಗದ ತಂದವನು ಗಲ್ಲಾದ ಮುಂದೆ ಕೂತರೆ ಏನಾಗುತ್ತದೆಂದು ಮಾಲೀಕರಿಗೆ ಯಾರೂ ಹೇಳಬೇಕಾಗಿಲ್ಲ.

ಸೇರುವವರೂ ತಮ್ಮ ಕಡೆಯ ಕೆಲಸ ಮಾಡಬೇಕು. ಫೀಸು ಕಟ್ಟುವ ಮೊದಲು ಆ ವಿಶ್ವವಿದ್ಯಾನಿಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಯುಜಿಸಿಯ ದೂರ ಶಿಕ್ಷಣ ಬ್ಯೂರೋದ ಮಾನ್ಯತೆ ಇದೆಯೇ ಎಂದು ಅದರ ಪಟ್ಟಿಯಲ್ಲಿ ನೋಡಬೇಕು. ಮೂರೂ ಇರಬೇಕು, ಎರಡಿದ್ದರೆ ಸಾಲದು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರ ಶಿಕ್ಷಣದಲ್ಲಿ ಕೊಡುವಂತಿಲ್ಲ. 2025ರಿಂದ ಮನಃಶಾಸ್ತ್ರವೂ ಆ ಪಟ್ಟಿಗೆ ಸೇರಿದೆ. ಇವನ್ನು ಮನೆಯಲ್ಲೇ ಕೂತು ಮಾಡಿಸುತ್ತೇವೆ ಎನ್ನುವವರ ಬಾಗಿಲು ತುಳಿಯಲೇಬಾರದು. 2024ರಿಂದ ವಿದ್ಯಾರ್ಥಿ ತಾನೇ ಡೆಬ್ ಐಡಿ ಎಂಬ ನಂಬರು ಪಡೆದು ಸೇರಬೇಕಾಗಿದೆ. ಅದು ಬೇಡ ಎನ್ನುವವನ ಕೈಯಲ್ಲಿ ನಿಜವಾದ ಅಡ್ಮಿಷನ್ ಇಲ್ಲ.

ಅದಕ್ಕಿಂತ ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ವಾರಕ್ಕೆ ಎಷ್ಟು ಗಂಟೆ ಕೈಯಲ್ಲಿದೆ? ನಂಜನಗೂಡಿನಿಂದ ಬರುವವರಿಗೆ ಹೋಗುತ್ತ ಬರುತ್ತ ಬಸ್ಸಿನಲ್ಲಿ ದಿನಕ್ಕೆ ಒಂದೂವರೆ, ಎರಡು ಗಂಟೆ ಸಿಗುತ್ತದೆ. ಸೀಟು ಸಿಕ್ಕ ದಿನ ಅದು ಓದಿನ ಕೋಣೆ, ಸಿಗದ ದಿನ ಬರೀ ನೂಕಾಟ. ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ಸೇರಿಸಿದರೂ ವಾರಕ್ಕೆ ಇಪ್ಪತ್ತು ದಾಟುವುದು ಕಷ್ಟ. ಇಪ್ಪತ್ತು ಇರುವವರು ಇಪ್ಪತ್ತೆಂಟರ ಕೋರ್ಸಿಗೆ ಕೈಹಾಕಬಾರದು. ನಾಲ್ಕು ವರ್ಷ ಹಿಡಿದರೆ ಹಿಡಿಯಲಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕಡೆಯದಾಗಿ ಆ ಚೀಟಿಗಳು. ಸಾರ್ವಜನಿಕ ಗೋಡೆಗಳಲ್ಲಿ ಹೆಸರು ವಿಳಾಸವಿಲ್ಲದೆ ಡಿಗ್ರಿ ಮಾರುವ ಈ ನಂಬರುಗಳಿಗೆ ಪೊಲೀಸರೋ ಶಿಕ್ಷಣ ಇಲಾಖೆಯ ಅಧಿಕಾರಿಗಳೋ ಗಿರಾಕಿಗಳಂತೆ ಒಂದು ಫೋನು ಮಾಡಿದರೆ ಸಾಕು, ಅರ್ಧ ದಿನದಲ್ಲಿ ಬಂಡವಾಳ ಬಯಲಾಗುತ್ತದೆ. ನಗರಪಾಲಿಕೆ ಚೀಟಿ ಕೀಳಿಸಿದರೆ ಗೋಡೆ ಸ್ವಚ್ಛವಾಗಬಹುದು. ಅಂಟಿಸಿದವನನ್ನು ಹಿಡಿಯದಿದ್ದರೆ ನಾಳೆ ಬೆಳಿಗ್ಗೆ ಹೊಸ ಚೀಟಿ ಸಿದ್ಧ. ಮುಂದಿನ ಪ್ರವೇಶದ ಕಾಲ ಶುರುವಾಗುವುದರೊಳಗೆ ಮುಕ್ತಗಂಗೋತ್ರಿಯವರು ಗಂಟೆಯ ಪಟ್ಟಿ ಪ್ರಕಟಿಸಲಿ, ಪೊಲೀಸರು ಫೋನು ಮಾಡಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?